149 ಡಾಲರ್ ಚಿಪ್‌ನೊಳಗೆ 669 ಡಾಲರ್ ಅಡಗಿತ್ತು!

1998ರ ಆಗಸ್ಟ್ 24ರಂದು ಇಂಟೆಲ್ ಕಂಪನಿ ಎರಡು ಪ್ರೊಸೆಸರ್‌ಗಳನ್ನು ಒಟ್ಟಿಗೇ ಮಾರುಕಟ್ಟೆಗೆ ಬಿಟ್ಟಿತು. ಒಂದರ ಹೆಸರು ಪೆಂಟಿಯಂ-2. ವೇಗ 450 ಮೆಗಾಹರ್ಟ್ಸ್, ಬೆಲೆ 669 ಡಾಲರ್. ಇನ್ನೊಂದು ಸೆಲೆರಾನ್ 300ಎ. ವೇಗ 300 ಮೆಗಾಹರ್ಟ್ಸ್, ಬೆಲೆ 149 ಡಾಲರ್. ಮೊದಲನೆಯದು ಉಳ್ಳವರಿಗೆ, ಎರಡನೆಯದು ಉಳಿದವರಿಗೆ ಎಂಬುದು ಕಂಪನಿಯ ಲೆಕ್ಕಾಚಾರ. ಅದು ತಲೆಕೆಳಗಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಅಗ್ಗದ ಚಿಪ್ ಕೊಂಡ ಹುಡುಗರು ಅದನ್ನು ಒಂದಿಷ್ಟು ಕೆಣಕಿ ನೋಡಿದರು. ನೋಡಿದರೆ ಅದು 450ರಲ್ಲಿ ಓಡುತ್ತಿದೆ! ಸುಡುತ್ತಿಲ್ಲ, ನಿಲ್ಲುತ್ತಿಲ್ಲ, ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತಿದೆ!

ಒಳಗೆ ನಡೆದದ್ದು ಪ್ರಾಥಮಿಕ ಶಾಲೆಯ ಗುಣಾಕಾರ, ಅಷ್ಟೇ. ಮದರ್‌ಬೋರ್ಡ್ ಒಂದು ಮಿಡಿತ ಕೊಡುತ್ತದೆ. ಸೆಲೆರಾನ್‌ಗೆ ನಿಗದಿಯಾದ ಮಿಡಿತ 66 ಮೆಗಾಹರ್ಟ್ಸ್. ಚಿಪ್ ಅದನ್ನು 4.5ರಿಂದ ಗುಣಿಸಿಕೊಂಡು 300 ಮಾಡಿಕೊಳ್ಳುತ್ತದೆ. 4.5 ಎಂಬ ಆ ಗುಣಕಕ್ಕೆ ಇಂಟೆಲ್ ಭದ್ರವಾಗಿ ಬೀಗ ಜಡಿದಿತ್ತು. ಆದರೆ ಮಿಡಿತ ಹುಟ್ಟುವುದು ಬೋರ್ಡ್‌ನಲ್ಲಿ. ಆ ಬೋರ್ಡ್‌ಗಳೋ ದುಬಾರಿ ಪೆಂಟಿಯಂಗಾಗಿ 100 ಮೆಗಾಹರ್ಟ್ಸ್ ಮಿಡಿತವನ್ನೂ ಕಲಿತು ಕೂತಿದ್ದವು. ನೂರನ್ನು ನಾಲ್ಕೂವರೆಯಿಂದ ಗುಣಿಸಿ ನೋಡಿ! ತೈವಾನ್‌ನ ಅಬಿಟ್ ಕಂಪನಿಯ ಬಿಎಚ್6 ಬೋರ್ಡ್ ಇದ್ದವರು ಮೆನುವಿನಲ್ಲಿ ಒಂದು ಸಂಖ್ಯೆ ಬದಲಾಯಿಸಿದರೆ ಕೆಲಸ ಮುಗಿಯುತ್ತಿತ್ತು. ಅಂಥ ಮೆನು ಇಲ್ಲದವರು ಇನ್ನೂ ಗಟ್ಟಿಗರು. ಪ್ರೊಸೆಸರ್ ಕೂತಿದ್ದ ಉದ್ದನೆಯ ಕಾರ್ಡ್‌ನ ಅಂಚಿನಲ್ಲಿ ಚಿನ್ನದ ಬಣ್ಣದ ಪಿನ್‌ಗಳ ಸಾಲಿದೆಯಲ್ಲ, ಅದರಲ್ಲಿ ಬಿ21 ಎಂಬ ಒಂದೇ ಒಂದು ಪಿನ್ನನ್ನು ಎಣಿಸಿ ಹುಡುಕಿ, ಅದರ ಮೇಲೊಂದು ಚೂರು ಟೇಪ್ ಅಂಟಿಸಿದರು. ಟೇಪ್ ಸಿಗದವರು ನೇಲ್ ಪಾಲಿಶ್ ಬಳಿದರು. ಬೋರ್ಡ್ ಮೋಸಹೋಗಿ, ಬಂದಿರುವುದು ನೂರರ ಚಿಪ್ ಎಂದೇ ನಂಬಿ ನೂರರ ಮಿಡಿತ ಕೊಟ್ಟಿತು. ಐನೂರು ಡಾಲರ್‌ನ ಅಂತರ ಒಂದು ಹನಿ ನೇಲ್ ಪಾಲಿಶ್‌ನಲ್ಲಿ ಅಳಿಸಿಹೋಯಿತು!

ಇನ್ನೊಂದು ಸೋಜಿಗ ಉಂಟು. ಪೆಂಟಿಯಂ-2ರ ಬಳಿ 512 ಕಿಲೋಬೈಟ್ ಕ್ಯಾಶ್ ಮೆಮೊರಿ ಇತ್ತು, ಆದರೆ ಅದು ಚಿಪ್‌ನ ಹೊರಗೆ, ಅರ್ಧ ವೇಗದಲ್ಲಿ. ಸೆಲೆರಾನ್‌ಗೆ ಸಿಕ್ಕದ್ದು ಬರೀ 128. ಅದನ್ನು ಚಿಪ್‌ನೊಳಗೇ ಕೆತ್ತಿದ್ದರಿಂದ ಪೂರ್ತಿ ವೇಗದಲ್ಲಿ ಕೆಲಸ ಮಾಡುತ್ತಿತ್ತು. ಖರ್ಚು ಉಳಿಸಲು ಹೋಗಿ ಇಂಟೆಲ್ ತನಗೇ ಗೊತ್ತಿಲ್ಲದಂತೆ ಒಂದು ರತ್ನವನ್ನು ಅಗ್ಗದ ಡಬ್ಬಿಯಲ್ಲಿಟ್ಟು ಮಾರಿಬಿಟ್ಟಿತ್ತು. 450ಕ್ಕೆ ಏರಿದ ಸೆಲೆರಾನ್ ಆಟಗಳಲ್ಲಿ ತನ್ನ ಶ್ರೀಮಂತ ಅಣ್ಣನ ಹೆಗಲಿಗೆ ಹೆಗಲು ಕೊಟ್ಟು ನಿಂತಿತು.

ನಾನು ಈ ಕಥೆಗೆ ಬಂದದ್ದು ತೀರಾ ತಡವಾಗಿ. ಓವರ್‌ಕ್ಲಾಕಿಂಗ್, ಅಂದರೆ ಚಿಪ್ಪನ್ನು ನಿಗದಿತ ವೇಗ ಮೀರಿ ಓಡಿಸುವುದು, ದ್ರವ ಹೀಲಿಯಂ ಸುರಿದು ಹೊಗೆ ಎಬ್ಬಿಸುವವರ ಸಾಹಸ ಎಂದುಕೊಂಡಿದ್ದೆ. ಅದೂ ಇದೆ ಅನ್ನಿ. 2011ರಲ್ಲಿ ಎಎಂಡಿಯ ಎಫ್ಎಕ್ಸ್ ಪ್ರೊಸೆಸರ್ ಒಂದನ್ನು ಹಾಗೆ 8.429 ಗಿಗಾಹರ್ಟ್ಸ್ ತನಕ ಓಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಅದು ಸರ್ಕಸ್. ನನ್ನ ತಲೆ ತಿರುಗಿಸಿದ್ದು ಸರ್ಕಸ್ ಅಲ್ಲ. ಪುಟ್ಟ ಬಜೆಟ್‌ನ ಸಾಮಾನ್ಯ ಜನ, ಮನೆಯಲ್ಲಿ ಸಿಗುವ ವಸ್ತುಗಳಿಂದ, ತಾವು ಕೊಟ್ಟ ಕಾಸಿಗಿಂತ ಹೆಚ್ಚಿನದೇನೋ ಡಬ್ಬಿಯೊಳಗೆ ಕೂತಿದೆ ಎಂದು ಪತ್ತೆ ಹಚ್ಚುತ್ತಲೇ ಬಂದಿದ್ದಾರಲ್ಲ, ಅದು!

ಪೆನ್ಸಿಲ್ ಪ್ರಕರಣವನ್ನೇ ತೆಗೆದುಕೊಳ್ಳಿ. 2000ನೇ ಇಸವಿಯ ಆಸುಪಾಸಿನಲ್ಲಿ ಎಎಂಡಿ ಕಂಪನಿಯ ಡ್ಯೂರಾನ್ ಮತ್ತು ಅಥ್ಲಾನ್ ಪ್ರೊಸೆಸರ್‌ಗಳು ಬಂದವು. ಅವುಗಳ ನೆತ್ತಿಯ ಮೇಲೆ ಎಲ್1 ಎಂಬ ಗುರುತಿನ ಪಕ್ಕ ಬರಿಗಣ್ಣಿಗೆ ಕಾಣುವಷ್ಟೇ ಸಣ್ಣ ಚುಕ್ಕೆಗಳ ಜೋಡಿಗಳಿದ್ದವು. ಗುಣಕಕ್ಕೆ ಬೀಗ ಹಾಕಲು ಕಾರ್ಖಾನೆಯಲ್ಲಿ ಆ ಚುಕ್ಕೆಗಳ ನಡುವಿನ ಸಂಪರ್ಕವನ್ನು ಕತ್ತರಿಸಿಬಿಡುತ್ತಿದ್ದರು. ಪೆನ್ಸಿಲ್‌ನ ಕಡ್ಡಿ ಗ್ರಾಫೈಟ್, ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದೆ, ಇದು ಹೈಸ್ಕೂಲ್ ಪಾಠ. ಚುಕ್ಕೆಯಿಂದ ಚುಕ್ಕೆಗೆ ಪೆನ್ಸಿಲ್‌ನಿಂದ ಗೀಟು ಎಳೆದರೆ ಬೀಗ ಕಳಚಿತು! ಬೇಡವೆನಿಸಿದರೆ ರಬ್ಬರ್‌ನಿಂದ ಅಳಿಸಬಹುದಿತ್ತು. ಕೋಟ್ಯಂತರ ಟ್ರಾನ್ಸಿಸ್ಟರ್‌ಗಳ ಯಂತ್ರ ಶಾಲಾ ಮಕ್ಕಳ ಜಾಮಿಟ್ರಿ ಬಾಕ್ಸ್‌ಗೆ ಶರಣಾಯಿತು.

ಗ್ರಾಫಿಕ್ಸ್ ಕಾರ್ಡ್‌ಗಳ ಲೋಕಕ್ಕೆ ಬಂದರೆ ಬೆರಗು ಇನ್ನೂ ದೊಡ್ಡದು. ಅಲ್ಲಿ ವೇಗ ಮಾತ್ರವಲ್ಲ, ಕಾರ್ಡ್‌ನ ಅಂಗಾಂಗಗಳೇ ಅಡಗಿ ಕೂತಿರುತ್ತಿದ್ದವು. 2002ರಲ್ಲಿ ಎಟಿಐ ಕಂಪನಿ ರೇಡಿಯಾನ್ 9700 ಎಂಬ ದೊಡ್ಡ ಕಾರ್ಡ್ ತಂದಿತು, ಅದರಲ್ಲಿ ಚಿತ್ರ ಬಿಡಿಸುವ ಎಂಟು ಪೈಪ್‌ಲೈನ್‌ಗಳು. ಅದರ ಹಿಂದೆಯೇ ಬಂದ ಅಗ್ಗದ ರೇಡಿಯಾನ್ 9500ರಲ್ಲಿ ನಾಲ್ಕೇ. ಆ ಅಗ್ಗದ ಕಾರ್ಡ್‌ಗಳಲ್ಲಿ ಕೆಲವನ್ನು ಬಿಚ್ಚಿ ನೋಡಿದವರಿಗೆ ಮೆಮೊರಿ ಚಿಪ್‌ಗಳು ಇಂಗ್ಲಿಷ್‌ನ ಎಲ್ ಅಕ್ಷರದಂತೆ ಕೂತಿರುವುದು ಕಾಣಿಸಿತು. ಅರೆ, ಇದು 9700ರದ್ದೇ ಬೋರ್ಡ್! ಅದರ ಮೇಲಿರುವುದೂ ಅದೇ ಚಿಪ್! ಡ್ರೈವರ್ ತಂತ್ರಾಂಶಕ್ಕೆ ಒಂದು ಸಣ್ಣ ತೇಪೆ ಹಾಕಿ ಮಷೀನ್ ಮತ್ತೆ ಚಾಲೂ ಮಾಡಿದರೆ ಮಲಗಿದ್ದ ನಾಲ್ಕು ಪೈಪ್‌ಲೈನ್‌ಗಳು ಎದ್ದು ಕೂತವು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಕೆಲವರ ಪರದೆ ಚದುರಂಗದ ಹಾಸಿನಂತೆ ಚೌಕ ಚೌಕವಾಯಿತು. ಅಂಥವರ ಕಾರ್ಡ್‌ನಲ್ಲಿ ಆ ನಾಲ್ಕು ನಿಜಕ್ಕೂ ಸತ್ತಿದ್ದವು.

2016ರ ಜೂನ್‌ನಲ್ಲಿ ಎಎಂಡಿಯ ಆರ್ಎಕ್ಸ್ 480 ಬಂದಾಗ ನಡೆದದ್ದನ್ನು ಕೇಳಿದರಂತೂ ನಗು ಬರುತ್ತದೆ. ನಾಲ್ಕು ಜಿಬಿಯದು 199 ಡಾಲರ್, ಎಂಟು ಜಿಬಿಯದು 239. ಮೊದಮೊದಲ ನಾಲ್ಕು ಜಿಬಿ ಕಾರ್ಡ್‌ಗಳಲ್ಲಿ ಕೆಲವುಗಳ ಮೇಲೆ ಎಂಟು ಜಿಬಿ ಮೆಮೊರಿ ಚಿಪ್‌ಗಳನ್ನೇ ಬೆಸುಗೆ ಹಾಕಿದ್ದರು. ಅರ್ಧವನ್ನು ಕಾರ್ಡ್‌ನೊಳಗಿನ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಬಚ್ಚಿಟ್ಟಿದ್ದರು, ಅಷ್ಟೇ. ಬಯೋಸ್ ಬದಲಾಯಿಸಿದವರಿಗೆ ನಲವತ್ತು ಡಾಲರ್‌ನ ಮೆಮೊರಿ ಪುಕ್ಕಟೆ. ಅದೇ ವರ್ಷದ ಕೊನೆಗೆ, ಡೆರ್‌ಬಾವರ್ ಎಂದೇ ಹೆಸರಾದ ಜರ್ಮನಿಯ ಓವರ್‌ಕ್ಲಾಕರ್, ಇನ್ನೂ ಅಗ್ಗದ ಆರ್ಎಕ್ಸ್ 460 ಕಾರ್ಡ್‌ನಲ್ಲಿ 896 ಇದ್ದ ಶೇಡರ್ ಘಟಕಗಳನ್ನು 1024 ಮಾಡುವ ಬಯೋಸ್ ಹೊರತಂದರು. ನೂರಿಪ್ಪತ್ತೆಂಟು ಘಟಕಗಳು, ದುಡ್ಡು ಕೊಟ್ಟವರ ಮನೆಯಲ್ಲೇ, ಅವರಿಗೇ ತಿಳಿಯದೆ ಕೂತಿದ್ದವು!

ಕಂಪನಿಗಳಿಗೆ ಹುಚ್ಚೇ ಅಂತ ನಾನೂ ಕೇಳಿಕೊಂಡೆ. ಒಳ್ಳೆಯ ಮಾಲನ್ನು ಅಗ್ಗದ ಹೆಸರಿಟ್ಟು ಮಾರುವವರುಂಟೇ?

ಉಂಟು. ಯಾಕೆಂದರೆ ಅಗ್ಗದ ಚಿಪ್ಪೂ ದುಬಾರಿ ಚಿಪ್ಪೂ ಬೇರೆ ಬೇರೆ ಹುಟ್ಟುವುದೇ ಇಲ್ಲ. ಊಟದ ತಟ್ಟೆಯಗಲದ, 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳು ಒಟ್ಟಿಗೇ ಮೂಡುತ್ತವೆ. ಒಂದೇ ನಕ್ಷೆ, ಒಂದೇ ಬೆಳಕು, ಒಂದೇ ರಸಾಯನ. ಆದರೂ ಎರಡು ಚಿಪ್‌ಗಳು ಒಂದೇ ಥರ ಬರುವುದಿಲ್ಲ. ಒಂದರಲ್ಲಿ ಧೂಳಿನ ಕಣ ಕೂತಿರುತ್ತದೆ, ಇನ್ನೊಂದರ ಟ್ರಾನ್ಸಿಸ್ಟರ್‌ಗಳು ತುಸು ಸೋಮಾರಿ, ಮತ್ತೊಂದು ಕರೆಂಟನ್ನು ಸೋರಿಸುತ್ತದೆ. ಚಿಕ್ಕಮಗಳೂರು, ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಒಂದೇ ತೋಟದ ಕಾಫಿ ಬೀಜವನ್ನು ಜರಡಿ ಹಿಡಿದು ಎ, ಬಿ, ಸಿ ಅಂತ ಬೇರೆ ಮಾಡುತ್ತಾರಲ್ಲ, ಹಾಗೆ ಇಲ್ಲಿಯೂ ಪ್ರತಿ ಚಿಪ್ಪನ್ನು ಪರೀಕ್ಷಿಸಿ ದರ್ಜೆ ಹಾಕುತ್ತಾರೆ. ಎನ್‌ವಿಡಿಯಾದ ಜಿಟಿಎಕ್ಸ್ 1050 ಮತ್ತು 1050 ಟಿಐ ಎರಡರಲ್ಲೂ ಇರುವುದು ಜಿಪಿ107 ಎಂಬ ಒಂದೇ ಚಿಪ್. 132 ಚದರ ಮಿಲಿಮೀಟರ್ ಜಾಗದಲ್ಲಿ 330 ಕೋಟಿ ಟ್ರಾನ್ಸಿಸ್ಟರ್! 768 ಕೋರ್‌ಗಳೂ ನೆಟ್ಟಗಿದ್ದರೆ ಟಿಐ. ಒಂದಿಷ್ಟು ಕೆಟ್ಟಿದ್ದರೆ 640ಕ್ಕೆ ಇಳಿಸಿ ಬರೀ 1050.

ಈಗ ಬರುತ್ತದೆ ನೋಡಿ ನಿಜವಾದ ಮಜಾ. ಕಾರ್ಖಾನೆ ಪಳಗಿದಂತೆಲ್ಲ ಕೆಟ್ಟ ಚಿಪ್‌ಗಳು ಕಡಿಮೆಯಾಗುತ್ತವೆ. ಅಂಗಡಿಯಲ್ಲಿ ಮಾತ್ರ ಜನ ಕೇಳುವುದು ಅಗ್ಗದ್ದನ್ನೇ. ಆಗ ಕಂಪನಿ ಏನು ಮಾಡಬೇಕು? ಚೆನ್ನಾಗಿರುವ ಚಿಪ್‌ಗಳ ಕೈಕಾಲು ಕಟ್ಟಿ ಅಗ್ಗದ ಡಬ್ಬಿಗೆ ಹಾಕುತ್ತದೆ. ರೇಡಿಯಾನ್ 9500ರಲ್ಲಿ ಸಿಕ್ಕದ್ದು ಅದೇ. ಇನ್ನು ವೇಗದ ಮಾತು. ಕಂಪನಿ ಡಬ್ಬಿಯ ಮೇಲೆ ಹಾಕುವ ಮೆಗಾಹರ್ಟ್ಸ್ ಸಂಖ್ಯೆ ಒಂದು ವಾಗ್ದಾನ. ಆ ದರ್ಜೆಯ ಅತಿ ದುರ್ಬಲ ಚಿಪ್ಪೂ, ಗಾಳಿಯಾಡದ ಪೆಟ್ಟಿಗೆಯಲ್ಲಿ, ಸವೆದ ಫ್ಯಾನ್ ಕೆಳಗೆ, ವರ್ಷಗಟ್ಟಲೆ ದುಡಿದ ಮೇಲೂ ಅಷ್ಟನ್ನು ಮುಟ್ಟಬೇಕು. ಹಾಗಾಗಿ ನಿಮ್ಮ ಕೈಗೆ ಬಂದದ್ದು ದುರ್ಬಲದ್ದಲ್ಲದಿದ್ದರೆ, ನಿಮ್ಮ ಪೆಟ್ಟಿಗೆಯಲ್ಲಿ ಗಾಳಿ ಆಡುತ್ತಿದ್ದರೆ, ವಾಗ್ದಾನಕ್ಕೂ ಸಾಮರ್ಥ್ಯಕ್ಕೂ ನಡುವೆ ಉಳಿದ ಜಾಗವೆಲ್ಲ ನಿಮ್ಮದು. ಓವರ್‌ಕ್ಲಾಕಿಂಗ್ ಎಂಬುದು ಆ ಜಾಗದ ಸರ್ವೆ.

ಇಂಟೆಲ್‌ಗೂ ಕೊನೆಗೆ ಈ ಹುಚ್ಚು ಇಷ್ಟವಾಯಿತೋ ಏನೋ. ಪೆಂಟಿಯಂ ಹೆಸರಿಗೆ ಇಪ್ಪತ್ತು ವರ್ಷ ತುಂಬಿದ ನೆಪದಲ್ಲಿ 2014ರಲ್ಲಿ ಜಿ3258 ಎಂಬ 72 ಡಾಲರ್‌ನ ಪ್ರೊಸೆಸರನ್ನು ಬೀಗವೇ ಇಲ್ಲದೆ ಮಾರಿತು. 3.2 ಗಿಗಾಹರ್ಟ್ಸ್‌ನ ಅದು ನಾಲ್ಕನ್ನು ಲೀಲಾಜಾಲವಾಗಿ ದಾಟುತ್ತಿತ್ತು.

ಈಗ ದಾವಣಗೆರೆಗೆ ಬನ್ನಿ. ನನ್ನ ಅಕ್ಕನ ಮಗ ಅಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಅವನು ತಂದದ್ದು ಯಾವುದೋ ಆಫೀಸಿನವರು ಬಳಸಿ ಬಿಟ್ಟ ಡೆಸ್ಕ್‌ಟಾಪ್, ಜೊತೆಗೆ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650. ಈ ಜೋಡಿಯ ಹಿಂದೆ ಒಳ್ಳೆಯ ತರ್ಕವಿದೆ. ಮದರ್‌ಬೋರ್ಡ್‌ನ ಸ್ಲಾಟ್ ಒಂದು ಕಾರ್ಡ್‌ಗೆ 75 ವ್ಯಾಟ್ ತನಕ ಕರೆಂಟ್ ಕೊಡಬಲ್ಲದು. 1650ಕ್ಕೆ ಬೇಕಿರುವುದು ಸರಿಯಾಗಿ ಅಷ್ಟೇ, ಹಲವು ಮಾದರಿಗಳಿಗೆ ಬೇರೆ ವೈರೇ ಬೇಡ. ಆಫೀಸ್ ಡಬ್ಬಗಳಲ್ಲಿರುವ ಬಡಪಾಯಿ ಪವರ್ ಸಪ್ಲೈಗಳಿಗೆ ಹೇಳಿ ಮಾಡಿಸಿದ ಕಾರ್ಡ್ ಅದು. ಹೊಸತೆಂದು ಮರುಳಾಗಿ ಆರ್ಎಕ್ಸ್ 6500 ಎಕ್ಸ್‌ಟಿ ತಂದು ಹಳೆಯ ಬೋರ್ಡ್‌ಗೆ ಹಾಕಿದವರಿದ್ದಾರೆ. ಅದು ಸ್ಲಾಟ್‌ನ ಹದಿನಾರು ಲೇನ್‌ಗಳಲ್ಲಿ ನಾಲ್ಕನ್ನಷ್ಟೇ ಬಳಸುವ ಕಾರ್ಡ್, ಹಳೆಯ ಬೋರ್ಡ್‌ನಲ್ಲಿ ಉಸಿರು ಕಟ್ಟುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡ್‌ಗಳಲ್ಲಿ ಕೆಲವು 12 ಜಿಬಿ ಮೆಮೊರಿ ತೋರಿಸಿ ಆಸೆ ಹುಟ್ಟಿಸುತ್ತವೆ, ಅವೂ ಹಳೆಯ ಮಷೀನ್‌ಗೆ ಒಗ್ಗುವುದಿಲ್ಲ. 149 ಡಾಲರ್‌ಗೆ 2019ರಲ್ಲಿ ಬಂದ ಈ 1650 ಮಾತ್ರ ಸದ್ದಿಲ್ಲದೆ ಹರಡುತ್ತಾ ಹರಡುತ್ತಾ, 2022ರ ನವೆಂಬರ್ ಹೊತ್ತಿಗೆ ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಮಳಿಗೆಯ ಹಾರ್ಡ್‌ವೇರ್ ಸಮೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನರ ಬಳಿಯಿರುವ ಗ್ರಾಫಿಕ್ಸ್ ಕಾರ್ಡ್ ಆಗಿ ಕೂತಿತು. ಲಕ್ಷ ರೂಪಾಯಿ ಕಾರ್ಡ್‌ಗಳ ಜಾಹೀರಾತಿನ ಅಬ್ಬರದ ನಡುವೆ ಇದು ಸುದ್ದಿಯೇ ಆಗಲಿಲ್ಲ!

ನಾನು ಅವರ ಮನೆಗೆ ಹೋದ ದಿನ ಹೊರಗೆ ಮೂವತ್ತೊಂಬತ್ತು ಡಿಗ್ರಿ. ಹುಡುಗ ಕಂಪ್ಯೂಟರ್‌ನ ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ತಿರುಗಿಸಿಟ್ಟಿದ್ದ. ಪರದೆಯ ಮೇಲೆ ಹೆವೆನ್ ಎಂಬ ಪರೀಕ್ಷಾ ತಂತ್ರಾಂಶ ಓಡುತ್ತಿತ್ತು. ಆಕಾಶದಲ್ಲಿ ತೇಲುವ ಊರು, ಕಲ್ಲು ಹಾಸಿದ ಬೀದಿ, ಒಂದೊಂದೇ ಹುರುಪೆ ಎದ್ದು ಕಾಣುವ ಡ್ರ್ಯಾಗನ್ ವಿಗ್ರಹ. ಮೂಲೆಯಲ್ಲಿ ಸಂಖ್ಯೆಗಳು: ಫ್ರೇಮ್, ಉಷ್ಣಾಂಶ, ಕ್ಲಾಕ್. ಕ್ಲಾಕ್ ನೋಡಿ ನಾನು ಬೆಚ್ಚಿದೆ. ಕಂಪನಿ ಕೊಟ್ಟ ಬೂಸ್ಟ್ ವೇಗ 1665, ಪರದೆಯ ಮೇಲೆ 1860!

"ನೀನಾಗ್ಲೇ ಮುಟ್ಟಿದೀಯಾ ಇದನ್ನ?"

"ಇಲ್ಲ ಮಾವ, ಅದು ತಾನೇ ಹೋಗುತ್ತೆ."

2012ರ ಜಿಟಿಎಕ್ಸ್ 680ರಿಂದೀಚೆಗೆ ಎನ್‌ವಿಡಿಯಾ ಕಾರ್ಡ್‌ಗಳಿಗೆ ಒಂದು ಬುದ್ಧಿ ಬಂದಿದೆ. ತನ್ನ ಬಿಸಿ ಎಷ್ಟು, ಎಷ್ಟು ವ್ಯಾಟ್ ಎಳೆಯುತ್ತಿದ್ದೇನೆ ಎಂದು ಕಾರ್ಡ್ ಸದಾ ಅಳೆಯುತ್ತಾ, ಅವಕಾಶ ಕಂಡಲ್ಲಿ ತಾನೇ ವೇಗ ಏರಿಸಿಕೊಳ್ಳುತ್ತದೆ. ಹಿಂದಿನವರು ಟೇಪು, ಪೆನ್ಸಿಲ್ ಹಿಡಿದು ಕದಿಯುತ್ತಿದ್ದ ಜಾಗದಲ್ಲಿ ಬಹುಪಾಲನ್ನು ಈಗ ಕಾರ್ಡ್ ತಾನೇ ತಿಂದು ಮುಗಿಸುತ್ತದೆ. ಉಳಿಯುವುದು ಸಣ್ಣ ಅಂಚು. ಅದಕ್ಕೂ ಕೈ ಹಾಕಬೇಕೆಂದರೆ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶವಿದೆ. ಎಂಎಸ್ಐ ಕಂಪನಿಯ ಹೆಸರಿದ್ದರೂ ಯಾವ ಕಂಪನಿಯ ಕಾರ್ಡ್‌ಗಾದರೂ ಆಗುತ್ತದೆ. ಅದನ್ನು ಬರೆದವರು ಯಾರು ಗೊತ್ತೇ? ರಷ್ಯಾದ ಅಲೆಕ್ಸೆಯ್ ನಿಕೊಲಾಯ್‌ಚುಕ್. ಆ ರೇಡಿಯಾನ್ 9500ರ ಮಲಗಿದ್ದ ಪೈಪ್‌ಲೈನ್‌ಗಳನ್ನು ಎಬ್ಬಿಸಲು ಜನ ಬಳಸುತ್ತಿದ್ದ ರಿವಾಟ್ಯೂನರ್ ಎಂಬ ತಂತ್ರಾಂಶವೂ ಇದೇ ಮನುಷ್ಯನದು! ಎರಡು ದಶಕ ದಾಟಿದರೂ ಬಡವರ ಕಾರ್ಡ್‌ಗಳ ಕೀಲಿಕೈ ಇನ್ನೂ ಅದೇ ಕೈಯಲ್ಲಿದೆ.

"ಮಾವ, ಕೋರ್ ಕ್ಲಾಕ್ ಅಂತ ಇದೆಯಲ್ಲ, ಅದನ್ನ ಹಿಡ್ಕೊಂಡು ಬಲಕ್ಕೆ ಎಳೀರಿ."

"ಸುಟ್ಟುಹೋದ್ರೆ?"

"ಏನೂ ಆಗಲ್ಲ. ಜಾಸ್ತಿ ಆದ್ರೆ ಅದೇ ಕೈ ಎತ್ತುತ್ತೆ, ನೋಡ್ತಿರಿ."

ಎಳೆದೆ. ಪ್ಲಸ್ 30. ಡ್ರ್ಯಾಗನ್ ಕದಲಲಿಲ್ಲ. ಪ್ಲಸ್ 60. ಪ್ಲಸ್ 90. ಈ ಚಿಪ್ ಹದಿನೈದು ಹದಿನೈದು ಮೆಗಾಹರ್ಟ್ಸ್‌ನ ಮೆಟ್ಟಿಲಲ್ಲೇ ಹತ್ತುವುದು, ನಡುವಿನ ಸಂಖ್ಯೆ ಕೊಟ್ಟರೆ ಹತ್ತಿರದ ಮೆಟ್ಟಿಲಿಗೆ ಹೋಗಿ ನಿಲ್ಲುತ್ತದೆ. ಪ್ಲಸ್ 120ಕ್ಕೆ ಮೂಲೆಯ ಸಂಖ್ಯೆ 1980 ಆಯಿತು. ಕಾಗದದ ಮೇಲೆ ಲೆಕ್ಕ ಹಾಕಿದೆ, ಕೈ ನಡುಗಿತು ಅಂದರೆ ನಂಬಿ. ಈ ಪುಟ್ಟ ಕಾರ್ಡ್‌ನಲ್ಲಿ 896 ಕೋರ್‌ಗಳಿವೆ, ಪ್ರತಿ ಮಿಡಿತಕ್ಕೂ ಒಂದೊಂದು ಕೋರ್ ಒಂದು ಗುಣಾಕಾರ, ಒಂದು ಸಂಕಲನ ಮಾಡಿ ಮುಗಿಸಬಲ್ಲದು. ಅಂದರೆ 1860ರಿಂದ 1980ಕ್ಕೆ ಬೆರಳು ಜರುಗಿಸಿದ ಆ ಗಳಿಗೆಯಲ್ಲಿ ಕಾರ್ಡ್‌ನ ಸಾಮರ್ಥ್ಯಕ್ಕೆ ಸೆಕೆಂಡಿಗೆ ಇಪ್ಪತ್ತೊಂದು ಸಾವಿರ ಕೋಟಿ ಲೆಕ್ಕಗಳು ಹೊಸದಾಗಿ ಸೇರಿದ್ದವು. ಇಪ್ಪತ್ತೊಂದು ಸಾವಿರ ಕೋಟಿ, ಒಂದು ರೂಪಾಯಿ ಖರ್ಚಿಲ್ಲದೆ! 1980 ಮೆಗಾಹರ್ಟ್ಸ್‌ನಲ್ಲಿ ಒಂದು ಮಿಡಿತದ ಆಯುಷ್ಯ ಅರ್ಧ ನ್ಯಾನೊಸೆಕೆಂಡ್. ಜಗತ್ತಿನಲ್ಲಿ ಎಲ್ಲಕ್ಕಿಂತ ವೇಗವಾಗಿ ಓಡುವ ಬೆಳಕು ಅಷ್ಟರಲ್ಲಿ ದಾಟುವುದು ಹದಿನೈದು ಸೆಂಟಿಮೀಟರ್, ನಿಮ್ಮ ಗೇಣಿಗಿಂತಲೂ ಕಡಿಮೆ.

2003ರಲ್ಲಿ ಬೆಂಗಳೂರಿನ ಸಿ-ಡ್ಯಾಕ್ ಕೇಂದ್ರದಲ್ಲಿದ್ದ ಪರಮ್ ಪದ್ಮ ಸೂಪರ್ ಕಂಪ್ಯೂಟರ್ ಜಗತ್ತಿನ ಮೊದಲ ಐನೂರರ ಪಟ್ಟಿಯಲ್ಲಿ 171ನೇ ಸ್ಥಾನ ಪಡೆದಿತ್ತು. ಅದರ ಗರಿಷ್ಠ ಸಾಮರ್ಥ್ಯ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ಲೆಕ್ಕ. ದಾವಣಗೆರೆಯ ಈ ಕೋಣೆಯ ಕಾರ್ಡ್ ಮೂರೂವರೆ ಲಕ್ಷ ಕೋಟಿಯದು! ನ್ಯಾಯವಾಗಿ ಹೇಳಬೇಕೆಂದರೆ ಎರಡೂ ಒಂದೇ ತೂಕದ ಲೆಕ್ಕಗಳಲ್ಲ. ಪರಮ್‌ನದು 64 ಬಿಟ್‌ನ ಸೂಕ್ಷ್ಮ ಗಣಿತ, ಆಟದ ಕಾರ್ಡ್‌ಗೆ 32 ಬಿಟ್ ಸಾಕು. 64 ಬಿಟ್‌ನಲ್ಲಿ ಕೂರಿಸಿದರೆ ಈ ಕಾರ್ಡ್ ಮೂವತ್ತೆರಡರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಆದರೂ ಗಾಬರಿಪಡಲು ಇಷ್ಟು ಸಾಕು.

ಪ್ಲಸ್ 180ಕ್ಕೆ ಡ್ರ್ಯಾಗನ್‌ನ ರೆಕ್ಕೆಯ ಮೇಲೆ ಹಸಿರು ಚುಕ್ಕಿಗಳು ಮಿನುಗಿ ಮಾಯವಾದವು. "ಬಂತು ನೋಡಿ ಮಾವ, ಆರ್ಟಿಫ್ಯಾಕ್ಟು!" ಟ್ರಾನ್ಸಿಸ್ಟರ್‌ಗಳು ಮಿಡಿತದ ಹಿಂದೆ ಬಿದ್ದು, ಎಲ್ಲೋ ಒಂದು ಸೊನ್ನೆ ಒಂದಾಗಿತ್ತು, ನಾನು ನೋಡಿದ್ದು ಗಣಿತದ ತಪ್ಪನ್ನು ಬಣ್ಣದಲ್ಲಿ! ಇನ್ನೊಂದು ಮೆಟ್ಟಿಲು ಏರಿಸಿದ್ದೇ ತಡ, ಪರದೆ ಕಪ್ಪಾಯಿತು. ನನ್ನ ಎದೆ ಧಸಕ್ಕೆಂದಿತು. ಹುಡುಗ ಚುರುಮುರಿ ತಿನ್ನುತ್ತಲೇ ಇದ್ದ. ಕಾರ್ಡ್ ಮೌನವಾದರೆ ವಿಂಡೋಸ್ ಎರಡು ಸೆಕೆಂಡ್ ಕಾದು ಡ್ರೈವರ್ ಅನ್ನು ಮತ್ತೆ ಎಬ್ಬಿಸುತ್ತದೆ. ಪರದೆ ವಾಪಸ್ ಬಂತು, ಸ್ಲೈಡರನ್ನು ಸೊನ್ನೆಗೆ ಎಳೆದೆವು, ಕಾರ್ಡ್ ಹಳೆಯ ಹಾದಿಗೆ ಬಂತು. ವೋಲ್ಟೇಜ್ ಎಲ್ಲಿಯವರೆಗೆ ಏರಬಹುದೆಂಬ ಗೆರೆ ಕಾರ್ಡ್‌ನ ಬಯೋಸ್‌ನಲ್ಲೇ ಇದೆ, ಬರೀ ಸ್ಲೈಡರ್ ಎಳೆಯುವವರು ಆ ಗೆರೆ ದಾಟಲಾರರು. ಹೊಸಬರಿಗೆ ಇಂದಿನಷ್ಟು ಕ್ಷಮಾಗುಣದ ಕಾಲ ಹಿಂದೆ ಇರಲಿಲ್ಲ. ಒಂದೇ ಒಂದು ಎಚ್ಚರ: ಮಷೀನ್ ಚಾಲೂ ಆಗುತ್ತಲೇ ಈ ವೇಗ ಅನ್ವಯಿಸಲಿ ಎಂಬ ಆಯ್ಕೆಯನ್ನು ಕೆಲವು ದಿನ ಆಡಿ ನೋಡುವ ತನಕ ಒತ್ತಬೇಡಿ. ಬಯೋಸ್ ಬದಲಾಯಿಸುವ ಗೋಜಿಗಂತೂ ಮೊದಲ ಕಾರ್ಡ್‌ನಲ್ಲಿ ಹೋಗಲೇಬೇಡಿ.

ಬಯೋಸ್ ಎಂದಾಗ ನೆನಪಾಯಿತು. ಅಗ್ಗದ ಕಾರ್ಡ್‌ಗೆ ದುಬಾರಿಯ ಬಲ ತಂದ ಅದೇ ವಿದ್ಯೆಯನ್ನು ಕಳ್ಳರೂ ಕಲಿತರು. 2010-11ರ ಜಿಟಿಎಸ್ 450, ಜಿಟಿಎಕ್ಸ್ 550 ಟಿಐಗಳಂಥ ಮುದಿ ಕಾರ್ಡ್‌ಗಳ ಬಯೋಸ್ ತಿದ್ದಿ, 1050 ಟಿಐ ಎಂದು ಹೆಸರು ಕೊಟ್ಟು, ಹೊಸ ಡಬ್ಬಿಯಲ್ಲಿ ಮಾರಿದರು. ವಿಂಡೋಸ್ ಕೂಡ 1050 ಟಿಐ ಎಂದೇ ತೋರಿಸುತ್ತಿತ್ತು! 2018ರಿಂದ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥವನ್ನು ಗುರುತಿಸಿ ಹೆಸರಿನ ಮುಂದೆ ನಕಲಿ ಎಂದು ಬರೆಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅಂಗಡಿಯಲ್ಲೇ ಅದನ್ನು ಓಡಿಸಿ ತೋರಿಸಲು ಕೇಳಿ. ಮುಖ ಸಿಂಡರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ. 1050 ಟಿಐ ಎಂದು ಕೊಟ್ಟ ಕಾರ್ಡ್‌ನ ಬೆನ್ನಲ್ಲಿ ನೀಲಿ ವಿಜಿಎ ಪೋರ್ಟ್ ಕಂಡರೆ ಆಗಲೇ ಅನುಮಾನಪಡಬೇಕು, ಆ ಪೀಳಿಗೆಯ ಚಿಪ್‌ಗಳಿಗೆ ಅನಲಾಗ್ ಸಿಗ್ನಲ್ ಕೊಡುವ ಶಕ್ತಿಯೇ ಇಲ್ಲ.

ಕೋರ್ ವೇಗ ಏರಿಸಿದ್ದರಿಂದ ಆಟದಲ್ಲಿ ಸಿಕ್ಕ ಲಾಭ ಎಷ್ಟು? ನೂರಕ್ಕೆ ಆರೇಳು. ಇಷ್ಟಕ್ಕೇ ಇಷ್ಟೊಂದೇ ಅನ್ನುವವರು ಅನ್ನಲಿ. ನನಗಂತೂ ಅದಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಇದರ ತದ್ವಿರುದ್ಧದ ಆಟ, ವೇಗ ಹಾಗೇ ಇಟ್ಟು ವೋಲ್ಟೇಜ್ ಇಳಿಸುವುದು. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಒಂದು ವಕ್ರರೇಖೆ ತೆರೆದುಕೊಳ್ಳುತ್ತದೆ, ಯಾವ ವೋಲ್ಟೇಜ್‌ನಲ್ಲಿ ಯಾವ ವೇಗ ಅಂತ. ಕಂಪನಿ ಇಲ್ಲಿಯೂ ದುರ್ಬಲ ಚಿಪ್‌ನ ಭಯದಿಂದ ವೋಲ್ಟೇಜ್ ಜಾಸ್ತಿಯೇ ಬರೆದಿರುತ್ತದೆ. ಚಿಪ್ ಉಣ್ಣುವ ವಿದ್ಯುತ್ ವೋಲ್ಟೇಜ್‌ನ ವರ್ಗದ ಪ್ರಕಾರ ಏರಿಳಿಯುತ್ತದೆ. ಒಂದು ವೋಲ್ಟ್ ಇದ್ದದ್ದನ್ನು 0.9ಕ್ಕೆ ತಂದರೆ 0.81, ಅಂದರೆ ಟ್ರಾನ್ಸಿಸ್ಟರ್‌ಗಳು ಮಿಡಿಯಲು ತಿನ್ನುವ ವಿದ್ಯುತ್ತಿನಲ್ಲಿ ನೂರಕ್ಕೆ ಹತ್ತೊಂಬತ್ತು ಉಳಿತಾಯ, ವೇಗದಲ್ಲಿ ಒಂದು ಮೆಗಾಹರ್ಟ್ಸ್ ಕೂಡ ಕಳೆದುಕೊಳ್ಳದೆ! ತಂಪು ದೇಶದವರಿಗೆ ಇದು ಚಪಲ. ಎ.ಸಿ. ಇಲ್ಲದ ಕೋಣೆಯಲ್ಲಿ ಏಪ್ರಿಲ್ ಕಳೆಯುವ ದಾವಣಗೆರೆ, ರಾಯಚೂರು, ಕಲಬುರಗಿಯವರಿಗೆ ಇದೇ ಮೊದಲ ಪಾಠವಾಗಬೇಕು. ಕೋಣೆಯ ಸೆಕೆ ಎಷ್ಟು ಏರಿತೋ ಚಿಪ್‌ನ ಬಿಸಿಯೂ ಅಷ್ಟೇ ಏರುತ್ತದೆ, ಬಿಸಿಯಾದ ಕಾರ್ಡ್ ತಾನಾಗಿಯೇ ಮೆಟ್ಟಿಲಿಳಿಯುತ್ತದೆ. ವೋಲ್ಟೇಜ್ ಇಳಿಸಿದ ಮೇಲೆ ನಮ್ಮ ಕಾರ್ಡ್‌ನ ಫ್ಯಾನ್ ಸದ್ದು ಎಷ್ಟು ತಗ್ಗಿತೆಂದರೆ, ಅಡುಗೆಮನೆಯಿಂದ ಅಕ್ಕ "ಕರೆಂಟ್ ಹೋಯ್ತಾ?" ಎಂದು ಕೇಳಿದಳು.

ಮೆಮೊರಿಯ ಸ್ಲೈಡರ್ ಇನ್ನೊಂದು ವಿಸ್ಮಯ. ಕೋರ್‌ನ ಹಾಗೆ ಚುಕ್ಕಿ ತೋರಿಸಿ ಎಚ್ಚರಿಸುವುದಿಲ್ಲ ಅದು. ಈಗಿನ ಜಿಡಿಡಿಆರ್ ಮೆಮೊರಿಗಳಿಗೆ ತಪ್ಪು ಹಿಡಿಯುವ ಶಕ್ತಿ ಇದೆ. ದತ್ತಾಂಶ ಕೆಟ್ಟು ಬಂದರೆ ಮತ್ತೊಮ್ಮೆ ಕಳುಹಿಸಲು ಹೇಳಿ ಸರಿಮಾಡಿಕೊಳ್ಳಬಹುದು. ವೇಗ ಏರಿಸುತ್ತಾ ಹೋಗಿ, ಪರದೆ ನಿರ್ಮಲ, ಆಟ ನಿರಾಳ, ಎಲ್ಲವೂ ಚೆಂದ. ಆದರೆ ಮೂಲೆಯ ಫ್ರೇಮ್ ಸಂಖ್ಯೆಯನ್ನೇ ದಿಟ್ಟಿಸಿ ನೋಡಿದರೆ, ಒಂದು ಹಂತದ ನಂತರ ಮೆಗಾಹರ್ಟ್ಸ್ ಏರಿದಷ್ಟೂ ಫ್ರೇಮ್ ಇಳಿಯುತ್ತಿದೆ! ಕಳುಹಿಸಿದ್ದನ್ನೇ ಮತ್ತೆ ಮತ್ತೆ ಕಳುಹಿಸುವುದರಲ್ಲಿ ಗಳಿಸಿದ್ದೆಲ್ಲ ಕರಗುತ್ತಿರುತ್ತದೆ. ಇದು ಗೊತ್ತಿಲ್ಲದೆ ದೊಡ್ಡ ಸಂಖ್ಯೆ ಇಟ್ಟುಕೊಂಡು, ಕಾರ್ಡನ್ನು ನಿಧಾನ ಮಾಡಿಕೊಂಡು, ಜಂಬ ಕೊಚ್ಚುವವರು ಎಷ್ಟು ಮಂದಿ ಇದ್ದಾರೋ. ಫ್ರೇಮ್ ಇಳಿಯತೊಡಗುವ ಹಿಂದಿನ ಮೆಟ್ಟಿಲೇ ಸರಿಯಾದ ಜಾಗ.

ಸಂಜೆ ಅವನ ಗೆಳೆಯನೊಬ್ಬ ಬಂದ. ಅವನದೂ ಜಿಟಿಎಕ್ಸ್ 1650, ಅದೇ ಕಂಪನಿ, ಅದೇ ಮಾದರಿ, ಇಬ್ಬರೂ ಅದೇ ಅಂಗಡಿಯಲ್ಲಿ ಒಟ್ಟಿಗೇ ಕೊಂಡದ್ದಂತೆ. ಅವನ ಕಾರ್ಡ್‌ನಲ್ಲಿ ಪ್ಲಸ್ 195ಕ್ಕೂ ಒಂದು ಚುಕ್ಕಿ ಮಿನುಗಲಿಲ್ಲವಂತೆ, ಅದೂ ನಮ್ಮದಕ್ಕಿಂತ ಕಡಿಮೆ ವೋಲ್ಟೇಜ್‌ನಲ್ಲಿ! ನಮ್ಮ ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ಕೂತು ಲೆಕ್ಕ ಹಾಕಿದ. ಆಮೇಲೆ ಗೆಳೆಯ ಕೈ ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ನನ್ನ ಕಿವಿಯ ಹತ್ತಿರ ಬಂದ.

"ಮಾವ, ಎರಡಕ್ಕೂ ಡಬ್ಬಿ ಒಂದೇ ಥರ ಅಲ್ವಾ..."